ವೈರಲ್ ನ್ಯುಮೋನಿಯಾ: ನಾನು ನಂಬುವುದು ಎರಡನೆಯ ಸ್ಕ್ಯಾನನ್ನು

ವೈರಲ್ ನ್ಯುಮೋನಿಯಾದ ರೋಗಿಗಳಲ್ಲಿ ಯಾರು ಐಸಿಯು ಸೇರುತ್ತಾರೆ, ಯಾರು ಮನೆಗೆ ನಡೆಯುತ್ತಾರೆ ಎಂಬುದನ್ನು ಶ್ವಾಸಕೋಶದ ಅಲ್ಟ್ರಾಸೌಂಡ್‌ನಿಂದ ಮೊದಲೇ ಅಂದಾಜಿಸಬಹುದು ಎಂದಾಗ ಪುಣೆಯ ನನ್ನ ಹಿರಿಯ ಸಹೋದ್ಯೋಗಿಗಳು ಒಪ್ಪಲಿಲ್ಲ. "ಗಾಳಿ ತುಂಬಿದ ಅಂಗದಲ್ಲಿ ಏನು ಕಾಣುತ್ತದೆ? ಎಚ್‌ಆರ್‌ಸಿಟಿ (ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿ" ಎಂಬುದೇ ಎಲ್ಲರ ಮಾತಾಗಿತ್ತು. ಈಗ ಅವರೇ ರಾತ್ರಿ ಫೋನ್ ಮಾಡಿ ಸ್ಕೋರ್, ಅಂದರೆ ಅಲ್ಟ್ರಾಸೌಂಡ್‌ನಲ್ಲಿ ಕಂಡ ಹಾನಿಗೆ ಕೊಡುವ ಅಂಕ, ಎಷ್ಟೆಂದು ಕೇಳುತ್ತಾರೆ.

ಎಚ್‌ಆರ್‌ಸಿಟಿ ದರಕ್ಕೆ ಮಹಾರಾಷ್ಟ್ರ ಸರ್ಕಾರ 2020ರಲ್ಲಿ 2000ದಿಂದ 3000 ರೂಪಾಯಿಗಳ ಮಿತಿ ಹಾಕಿತು. ಆದರೂ ಕಲಬುರಗಿ, ವಿಜಯಪುರಗಳಿಂದ ಬಂದು ಹಿಂಜವಡಿ, ವಾಕಡ್ ಕಡೆ ಗಾರೆ ಕೆಲಸ ಮಾಡುವ ನಮ್ಮ ಜನಕ್ಕೆ ಅದು ನಾಲ್ಕೈದು ದಿನದ ಕೂಲಿ. ಒಮ್ಮೆ ಹೇಗೋ ಹೊಂದಿಸಿಕೊಳ್ಳುತ್ತಾರೆ, ಎರಡು ದಿನ ಬಿಟ್ಟು ಮತ್ತೆ ಮಾಡಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ನನಗೆ ಬೇಕಾಗಿದ್ದದ್ದು ಆ ಎರಡನೆಯ ಚಿತ್ರವೇ.

ಹಳೆಯ ಅಲ್ಟ್ರಾಸೌಂಡ್ ಯಂತ್ರವೊಂದನ್ನು ಸುಮಾರು ನಾಲ್ಕೂವರೆ ಲಕ್ಷಕ್ಕೆ ಕೊಂಡೆವು. ಅದಕ್ಕಿಂತ ದೊಡ್ಡ ತಲೆನೋವು ಕಾಗದಪತ್ರಗಳದ್ದು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ ಎದೆ ನೋಡುವ ಯಂತ್ರಕ್ಕೂ ಅನ್ವಯಿಸುತ್ತದೆ. ನೋಂದಣಿಯಾಗದೆ ಸ್ವಿಚ್ ಒತ್ತುವಂತಿಲ್ಲ, ನೋಂದಾಯಿತ ಆವರಣದಿಂದ ಹೊರಗೆ ಒಯ್ಯುವಂತಿಲ್ಲ. ಕಾನೂನಿನ ಉದ್ದೇಶವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಕಡತ ಅಲೆದಾಡುತ್ತಿದ್ದಾಗ ವಾರ್ಡ್ ತುಂಬಿತ್ತು ಎಂಬುದು ಇಂದಿಗೂ ಚುಚ್ಚುತ್ತದೆ. ಮುಂದೆ, ಪ್ರತಿ ರೋಗಿಯ ನಂತರ ಆಲ್ಕೋಹಾಲ್ ಸ್ಯಾನಿಟೈಸರಿನಿಂದ ಒರೆಸಿ ಒರೆಸಿ ಪ್ರೋಬಿನ (ಮೈಮೇಲಿಡುವ ಹಿಡಿಕೆಯ) ಮುಖ ಬಿರುಕುಬಿಟ್ಟಿತು. ಹೊಸದಕ್ಕೆ ಲಕ್ಷದ ಮೇಲೆ ಹೋಯಿತು. ತಯಾರಕರು ಒಪ್ಪಿದ ಒರೆಸುವ ಬಟ್ಟೆಯನ್ನೇ ಬಳಸಿ.

ಐಸಿಯು ರೂಢಿಯಂತೆ ಮೊದಲು ಎದೆ, ಪಕ್ಕೆಗಳನ್ನು ಮಾತ್ರ ನೋಡುತ್ತಿದ್ದೆವು. ಆ ಕ್ರಮ ಸೋತಿತು. ಮುಂಭಾಗದಲ್ಲಿ ಎ ಗೆರೆಗಳು (ಗಾಳಿ ತುಂಬಿದ ಶ್ವಾಸಕೋಶದ ಗುರುತು) ಚೆಂದವಾಗಿ ಕಾಣುತ್ತಿದ್ದವರೇ ಮರುದಿನ ಆಮ್ಲಜನಕಕ್ಕೆ ಬಂದರು. ಕೋವಿಡ್ ಹೆಚ್ಚಾಗಿ ಬೆನ್ನಿನ ಕಡೆ, ಕೆಳಭಾಗದಲ್ಲಿ ಬೇರೂರುತ್ತಿತ್ತು. ಅಂದಿನಿಂದ ಮುಂಭಾಗ, ಪಕ್ಕ, ಬೆನ್ನು ಸೇರಿ ಹನ್ನೆರಡೂ ವಲಯ, ಪ್ರತಿಯೊಂದಕ್ಕೂ ಹಾನಿ ಹೆಚ್ಚಿದಂತೆ 0ಯಿಂದ 3, ಒಟ್ಟು 36. ಬೆನ್ನು ನೋಡದ ಸ್ಕೋರನ್ನು ನಾನು ಸ್ಕೋರೆಂದೇ ಎಣಿಸುವುದಿಲ್ಲ.

ಇನ್ನೊಂದು ಜಗಳ 1 ಮತ್ತು 2ರ ನಡುವಿನದು. ಬಿ ಗೆರೆಗಳು (ಶ್ವಾಸಕೋಶದಲ್ಲಿ ನೀರು ಅಥವಾ ಉರಿಯೂತದ ಗುರುತು) ಬಿಡಿಯೋ (1), ಒಂದಕ್ಕೊಂದು ಕೂಡಿಕೊಂಡವೋ (2) ಎಂಬಲ್ಲಿ ಇಬ್ಬರು ವೈದ್ಯರು ಎಂದೂ ಒಮ್ಮತಕ್ಕೆ ಬರುತ್ತಿರಲಿಲ್ಲ. ಚಿತ್ರವನ್ನು ನಯಗೊಳಿಸುವ ಹಾರ್ಮೋನಿಕ್ಸ್, ಕಾಂಪೌಂಡಿಂಗ್ ಎರಡನ್ನೂ ಬಂದ್ ಮಾಡಿ, ಫೋಕಸನ್ನು ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ಮೇಲಿಟ್ಟು, ಐದಾರು ಸೆಕೆಂಡಿನ ಕ್ಲಿಪ್ ಉಳಿಸಿ, ರೋಗಿಯ ಆಮ್ಲಜನಕದ ಮಟ್ಟ ಗೊತ್ತಿಲ್ಲದವರಿಂದ ಓದಿಸಿದೆವು. ಗದ್ದಲ ಬಹುಪಾಲು ಅಡಗಿತು.

ಇಷ್ಟಾದರೂ ಮೊದಲ ದಿನದ ಒಟ್ಟು ಸ್ಕೋರ್ ಒಂದೇ ಕೈಹಿಡಿಯಲಿಲ್ಲ. 14 ಇದ್ದವರು ನಡೆದು ಹೋದರು, 9 ಇದ್ದವರು ಕುಸಿದರು. ದಾರಿ ತೋರಿಸಿದ್ದು ಸುಮಾರು 48 ಗಂಟೆಗಳ ನಂತರ, ಅದೇ ಭಂಗಿಯಲ್ಲಿ ಮಾಡಿದ ಎರಡನೆಯ ಸ್ಕ್ಯಾನ್. ಬೆನ್ನಿನ ವಲಯಗಳಲ್ಲಿ ಅಂಕ ಏರಿದ್ದರೆ, ರಕ್ತದ ಆಮ್ಲಜನಕ ಶೇ 94ರಲ್ಲಿ ನಿಂತಿದ್ದರೂ, ಅವರನ್ನು ಹೈಫ್ಲೋ (ರಭಸದಿಂದ ಆಮ್ಲಜನಕ ಕೊಡುವ ಯಂತ್ರ) ಇರುವ ಹಾಸಿಗೆಯ ಹತ್ತಿರ ತರುತ್ತೇನೆ. ಜ್ವರ ಶುರುವಾಗಿ ಎಷ್ಟನೆಯ ದಿನ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. ಐದನೆಯ ದಿನದ 8 ಮತ್ತು ಹನ್ನೆರಡನೆಯ ದಿನದ 8 ಬೇರೆ ಬೇರೆ. 2021ರ ಏಪ್ರಿಲ್‌ನಲ್ಲಿ ಆಮ್ಲಜನಕದ ಸಿಲಿಂಡರ್‌ಗಳಿಗೆ ಊರೆಲ್ಲ ಪರದಾಡುತ್ತಿದ್ದಾಗ, ಯಾರಿಗೆ ಮೊದಲು ಎಂದು ನಿರ್ಧರಿಸಲು ಇದೇ ನನ್ನ ಆಸರೆಯಾಗಿತ್ತು. ನನ್ನ ಅಂದಾಜು ನಾಲ್ಕರಲ್ಲಿ ಮೂರು ಬಾರಿಯಾದರೂ ನಿಜವಾಯಿತು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಹೃದಯ ವೈಫಲ್ಯದವರು, ಡಯಾಲಿಸಿಸ್ ತಪ್ಪಿಸಿಕೊಂಡವರು ಲೆಕ್ಕ ಕೆಡಿಸುತ್ತಾರೆ. ಅವರಲ್ಲಿ ಬಿ ಗೆರೆ ಎರಡೂ ಕಡೆ ಸಮನಾಗಿರುತ್ತವೆ, ಪ್ಲೂರಾ ನಯವಾಗಿರುತ್ತದೆ. ವೈರಲ್‌ನಲ್ಲಿ ಪ್ಲೂರಾ ಒರಟು, ಹಾನಿ ತೇಪೆ ತೇಪೆ.

ಈ ನಡುವೆ ಪ್ರೋನಿಂಗ್‌ಗೆ (ರೋಗಿಯನ್ನು ಬೋರಲಾಗಿ ಮಲಗಿಸುವುದಕ್ಕೆ) ಮೊದಲು ಮತ್ತು ನಂತರ ಬೆನ್ನನ್ನು ಹೋಲಿಸಿ ನೋಡಿದೆ. ಕೆಲವರಲ್ಲಿ 3 ಇದ್ದದ್ದು 2ಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡೆ. ಸ್ಕೋರ್ ಏರದೆ ಆಮ್ಲಜನಕ ಮಾತ್ರ ಇಳಿದವರ ತೊಡೆ, ಮಂಡಿಯ ರಕ್ತನಾಳಗಳನ್ನು ಪ್ರೋಬಿನಿಂದ ಒತ್ತಿ ನೋಡುವ ಅಭ್ಯಾಸವೂ ಆಗಲೇ ಹತ್ತಿತು. ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿತ್ತು; ಆ ಹೆಪ್ಪು ಶ್ವಾಸಕೋಶಕ್ಕೆ ಹರಿದರೂ ಆಮ್ಲಜನಕ ಇಳಿಯುತ್ತದೆ. ಅದೊಂದಕ್ಕೇ ಯಂತ್ರದ ಹಣ ಸಂದಿತು ಎನ್ನಬೇಕು.

ಕೂರಲಾಗದ ಸ್ಥೂಲಕಾಯದವರಲ್ಲಿ ಹೆಗಲೆಲುಬಿನ ಕೆಳಗೆ ಪ್ರೋಬ್ ತಲುಪಿಸುವ ನನ್ನ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಹಾಸಿಗೆಯ ಪಕ್ಕ ನಿಂತು ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ.

ಈಗ ಇದೇ ಕ್ರಮವನ್ನು ಇನ್‌ಫ್ಲುಯೆಂಜಾ ರೋಗಿಗಳಲ್ಲಿ ನಡೆಸುತ್ತಿದ್ದೇನೆ. 2009ರ ಆಗಸ್ಟ್‌ನಲ್ಲಿ ದೇಶದ ಮೊದಲ ಹಂದಿಜ್ವರದ (ಎಚ್1ಎನ್1 ಇನ್‌ಫ್ಲುಯೆಂಜಾದ) ಸಾವನ್ನು ಕಂಡ ಊರು ನಮ್ಮ ಪುಣೆ. ಇಲ್ಲಿ ಯಾರೂ ಅದನ್ನು ಹಗುರವಾಗಿ ಕಾಣುವುದಿಲ್ಲ. ನಾನು ಕಂಡಂತೆ ಅದರ ಓಟ ಕೋವಿಡ್‌ಗಿಂತ ವೇಗ. ಹಾಗಾಗಿ ಅವರಲ್ಲಿ 48 ಗಂಟೆ ಕಾಯದೆ ಮರುದಿನವೇ ಎರಡನೆಯ ಸ್ಕ್ಯಾನ್ ಮಾಡುತ್ತಿದ್ದೇನೆ.