ಖಾಲಿ ಬ್ಯಾಗು ಹೆಗಲಿಗೇರಿಸಿ ನೋಡಿದರೆ ಏನೂ ಗೊತ್ತಾಗಲ್ಲ

ಜ್ಞಾನಭಾರತಿ ಮೆಟ್ರೋ ಸ್ಟೇಷನ್ ಬಂತು ಅಂದರೆ ಯೂನಿವರ್ಸಿಟಿ ಬಂತು ಅಂತಲ್ಲ. ಕ್ಯಾಂಪಸ್ಸೇ ಸಾವಿರ ಎಕರೆ ಮೀರಿದ್ದು. ಡಿಪಾರ್ಟ್‌ಮೆಂಟ್ ತಲುಪುವಷ್ಟರಲ್ಲಿ ಹೆಗಲು ಉರಿಯುತ್ತಿತ್ತು. ಹಳೇ ಬ್ಯಾಗಿನ ಪಟ್ಟಿ ಕಿತ್ತುಬಂದಾಗ, ಈ ಸಲ ಸರಿಯಾಗಿ ನೋಡಿಯೇ ಕೊಳ್ಳೋಣ ಅಂದುಕೊಂಡೆ.

ಮೊದಲು ತೂಕ. ಲ್ಯಾಪ್‌ಟಾಪ್, ಚಾರ್ಜರ್, ನೋಟ್ಸು, ಊಟದ ಡಬ್ಬಿ, ಕೊಡೆ, ಒಂದು ಲೀಟರ್ ನೀರು, ಎಲ್ಲಾ ತುಂಬಿ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಮೇಲಿಟ್ಟೆ. ಐದೂವರೆ ಕೆಜಿ! ಅದರಲ್ಲಿ ನೀರೇ ಒಂದು ಕೆಜಿ. 2019ರಲ್ಲಿ ನಮ್ಮ ಸರ್ಕಾರ 9, 10ನೇ ತರಗತಿಯವರ ಬ್ಯಾಗಿಗೆ ಹಾಕಿದ ಮಿತಿ 4ರಿಂದ 5 ಕೆಜಿ. ಎಂಎಸ್ಸಿಯವರ ಬೆನ್ನಿನ ಬಗ್ಗೆ ಯಾರೂ ಆದೇಶ ಹೊರಡಿಸಿಲ್ಲ, ಬಿಡಿ.

ಅಷ್ಟೂ ಸಾಮಾನು ಹೊತ್ತುಕೊಂಡೇ ಮೆಜೆಸ್ಟಿಕ್ ಕಡೆಯ ಅಂಗಡಿಗೆ ಹೋದೆ. "ಏನ್ ಮೇಡಂ, ಮನೇನೇ ತಂದ್ಬಿಟ್ರಾ?" ಅಂತ ಅಂಗಡಿಯವರು ನಕ್ಕರು. ನಗಲಿ. ಡಿಸ್‌ಪ್ಲೇಗೆ ಅಂತ ಪೇಪರ್ ತುರುಕಿಟ್ಟ ಬ್ಯಾಗು ಎಲ್ಲರ ಬೆನ್ನಿಗೂ ಚೆನ್ನಾಗಿಯೇ ಕೂರುತ್ತದೆ. ಒಂದೊಂದಕ್ಕೂ ನನ್ನ ಸಾಮಾನು ತುಂಬಿ, ಪಟ್ಟಿ ಬಿಗಿ ಮಾಡಿ, ಅಲ್ಲೇ ಹತ್ತು ನಿಮಿಷ ಓಡಾಡಿದೆ.

ಹಾಗೆ ಓಡಾಡಿದ್ದರಿಂದಲೇ ಒಂದು ಚೆಂದದ ಬ್ಯಾಗು ಕೈಬಿಟ್ಟೆ. ಬೆನ್ನಿಗೆ ಗಾಳಿಯಾಡಲಿ ಅಂತ ಅದರಲ್ಲಿ ಬಾಗಿದ ಫ್ರೇಮು, ಜಾಲರಿ. ಬೆವರು ಕಡಿಮೆ, ನಿಜ. ಆದರೆ ಲ್ಯಾಪ್‌ಟಾಪ್ ಬೆನ್ನಿನಿಂದ ದೂರ ಸರಿದು ಭಾರವೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ಅದನ್ನು ಸರಿದೂಗಿಸಲು ಕತ್ತು ಮುಂದಕ್ಕೆ ಬಾಗುತ್ತದೆ. ಬೆನ್ನು ಒದ್ದೆಯಾದರೂ ಪರವಾಗಿಲ್ಲ, ಕತ್ತು ನೋಯಬಾರದು ಅನ್ನುವವಳು ನಾನು.

ಕೊನೆಗೆ ತೆಗೆದುಕೊಂಡದ್ದು 22 ಲೀಟರಿನ ಸಾದಾ ಬ್ಯಾಗು. ಅದರ ಲ್ಯಾಪ್‌ಟಾಪ್ ಖಾನೆ ಬೆನ್ನಿಗೆ ಅಂಟಿಕೊಂಡಂತಿದೆ. ಒಳಗೆ ಕೈ ಹಾಕಿ ನೋಡಿದೆ: ಖಾನೆಯ ತಳ ಬ್ಯಾಗಿನ ತಳಕ್ಕಿಂತ ಒಂದು ಇಂಚು ಮೇಲೆಯೇ ನಿಂತಿತ್ತು. ಬ್ಯಾಗನ್ನು ದೊಪ್ಪಂತ ಕೆಳಗಿಟ್ಟರೂ ಲ್ಯಾಪ್‌ಟಾಪ್ ನೆಲಕ್ಕೆ ಬಡಿಯಲ್ಲ. ಪಟ್ಟಿ ಮೂರು ಬೆರಳಗಲ ಇದೆ. ಅದರ ಫೋಮನ್ನು ಹಿಸುಕಿದರೆ ಬೆರಳಿಗೆ ಬೆರಳು ತಾಕಲ್ಲ, ಬಿಟ್ಟ ಕೂಡಲೇ ಮತ್ತೆ ಉಬ್ಬುತ್ತದೆ. ಪಟ್ಟಿಯ ಬುಡದಲ್ಲಿ ಒಂದೇ ಗೆರೆ ಹೊಲಿಗೆ ಅಲ್ಲ, ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗೀಟು ಹಾಕಿದ್ದಾರೆ. ಕಿತ್ತುಬರೋದು ಇಲ್ಲೇ ಅಲ್ವಾ?

ಎದೆಯ ಮೇಲಿನ ಕ್ಲಿಪ್ಪು ಒಂದೇ ಕೈಯಲ್ಲಿ ಬಿಚ್ಚಬೇಕಿತ್ತು, ಯಾಕಂದರೆ ಮೆಟ್ರೋದ ಸ್ಕ್ಯಾನರ್ ಹತ್ತಿರ ಹಿಂದಿನವರು ಕಾಯಲ್ಲ. ಸೊಂಟದ ಪಟ್ಟಿ ಬೆಟ್ಟ ಹತ್ತುವವರಿಗಿರಲಿ. ರಶ್ಶಿನಲ್ಲಿ ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ನಿಲ್ಲುವಾಗ ಅದು ಸುಮ್ನೆ ತೊಡಕು.

'ವಾಟರ್‌ಪ್ರೂಫ್' ಚೀಟಿಯನ್ನು ಪೂರ್ತಿ ನಂಬಲಿಲ್ಲ. ಬಟ್ಟೆ ನೀರು ತಡೆದರೂ ಜಿಪ್ಪು, ಹೊಲಿಗೆಯಿಂದ ಒಳಗಿಳಿಯುತ್ತದೆ. ಮಳೆಗಾಲಕ್ಕೆ ಬೇರೆ ಕವರ್ ಇಟ್ಟುಕೊಂಡಿದ್ದೇನೆ. ನೀರಿನ ಬಾಟಲಿ ಈಗ ಅರ್ಧ ಲೀಟರಿನದು, ಡಿಪಾರ್ಟ್‌ಮೆಂಟಿನಲ್ಲೇ ತುಂಬಿಸಿಕೊಳ್ಳುತ್ತೇನೆ.