ಹಳೆಯ ಬೆಕ್ಕು, ಹೊಸ ಮರಿ: ಜಗಳ ನಿಂತದ್ದು ಹೀಗೆ

ಮನೆಯ ಹಳೆಯ ಬೆಕ್ಕನ್ನೂ ಹೊಸ ಬೆಕ್ಕಿನ ಮರಿಯನ್ನೂ ಮೊದಲ ದಿನವೇ ಎದುರುಬದುರು ಬಿಟ್ಟದ್ದೇ ತಪ್ಪು. ಬೆಕ್ಕು ತನ್ನವರನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಹಾಗಾಗಿ ವಾಸನೆಯಿಂದಲೇ ಮತ್ತೆ ಶುರು ಮಾಡಿದೆ.

ಮರಿಗೆ ಬೇರೆ ಕೋಣೆ. ನೀರು, ಊಟ, ಮಲಮೂತ್ರಕ್ಕೆ ಮರಳಿನ ಟ್ರೇ ಎಲ್ಲ ಅಲ್ಲೇ. (ಲಸಿಕೆ, ತಪಾಸಣೆ ಮುಗಿಯುವ ತನಕ ಹೇಗೂ ಬೇರೆ ಇಡಲೇಬೇಕು.) ಹತ್ತಿಬಟ್ಟೆಯಿಂದ ಮರಿಯ ಕೆನ್ನೆ ಒರೆಸಿ ಆ ಬಟ್ಟೆಯನ್ನು ದೊಡ್ಡದರ ತಟ್ಟೆಯ ಬಳಿ ಇಟ್ಟೆ, ದೊಡ್ಡದರ ಬಟ್ಟೆ ಮರಿಯ ಬಳಿ. ಬಟ್ಟೆ ಮೂಸಿ ಬುಸುಗುಡುವುದು ನಿಂತ ಮೇಲೆ, ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ. ತಟ್ಟೆಗಳನ್ನು ದಿನಕ್ಕೆ ಗೇಣುದ್ದ ಹತ್ತಿರ ಸರಿಸಬೇಕು; ತಿನ್ನುವುದು ಬಿಟ್ಟರೆ ಹಿಂದಕ್ಕೆ. ಇಲ್ಲಿ ಅವಸರ ಮಾಡಿದವರೇ ಸೋಲುವುದು. ಆಮೇಲೆ ಜಾಲರಿಯ ಮೂಲಕ ನೋಟ, ಕೊನೆಗೆ 5-10 ನಿಮಿಷದ ಭೇಟಿ.

ಬುಸುಗುಟ್ಟಿದರೆ ಗದರಬೇಡಿ, ಅದು 'ದೂರ ಇರು' ಎನ್ನುವ ಎಚ್ಚರಿಕೆ ಅಷ್ಟೇ. ಕಿವಿ ಮಡಚಿ ದಿಟ್ಟಿಸಿ ನೋಡಿದರೆ ನಡುವೆ ರಟ್ಟು ಹಿಡಿಯಿರಿ, ಕೈ ಬೇಡ.

ಎರಡು ಬೆಕ್ಕಿಗೆ ಮೂರು ಟ್ರೇ, ಬೇರೆ ಬೇರೆ ಕಡೆ. ಹಳೆಯದಕ್ಕೆ ಮರಿ ಹತ್ತಲಾಗದ ಎತ್ತರದ ಜಾಗ ಇರಲಿ. ಹಳೆಯ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳಬಹುದು.