ಸಿಎನ್‌ಸಿಗೆ ರೂಟರ್ ಕೊಳ್ಳುವಾಗ ಎಷ್ಟು ವ್ಯಾಟ್ ಅಂತ ಕೊನೆಗೆ ನೋಡಿ

ಬದಿಯಡ್ಕ, ಪೆರ್ಲದ ಕಡೆ ಮನೆ ಹಿಂದಿನ ಶೆಡ್ಡಿನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ, ಕಟ್ಟಿಕೊಂಡ ಹುಡುಗರು ಈಗ ಅಲ್ಲಲ್ಲಿ ಸಿಗುತ್ತಾರೆ. ಫ್ರೇಮ್ ಗಟ್ಟಿಯಾಗಿರುತ್ತದೆ. ಎಡವುವುದು ರೂಟರಿನಲ್ಲಿ, ಅಂದರೆ ಬಿಟ್ (ಕೆತ್ತುವ ಅಲಗು) ತಿರುಗಿಸುವ ಮೋಟಾರಿನಲ್ಲಿ. ಹಲಸಿನ ಹಲಗೆಯಲ್ಲಿ ಮನೆ ಹೆಸರು ಕೆತ್ತಲು ಹೋಗಿ ಶೆಡ್ಡಿನ ತುಂಬ ಹೊಗೆ ಎಬ್ಬಿಸಿದ ಮೂವರನ್ನು ಬಲ್ಲೆ. ಮೊದಲನೆಯವನು ನಾನೇ.

ಮೊದಲು, ಏನು ಕೆತ್ತುತ್ತೀರಿ ಅಂತ ತೀರ್ಮಾನಿಸಿ. ಸರ್ಕ್ಯೂಟ್ ಬೋರ್ಡ್ ಮಾತ್ರವಾದರೆ 775 ಡಿಸಿ ಮೋಟಾರು ಸಾಕು. ಹಲಸು, ತೇಗಕ್ಕೆ ಅದು ಆಗುವುದಿಲ್ಲ.

ಎರಡನೆಯದು ವೇಗ. ಡಬ್ಬದ ಮೇಲೆ 30,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂತ ಕಂಡರೆ ಖುಷಿಯಾಗುತ್ತದೆ, ಅಲ್ವಾ? ಕೇಳಬೇಕಾದದ್ದು ಅತಿ ಕಡಿಮೆ ವೇಗ ಎಷ್ಟು ಎಂದು. ಆರ್‌ಪಿಎಂ, ಬಿಟ್‌ನ ಹಲ್ಲುಗಳ ಸಂಖ್ಯೆ, ಒಂದೊಂದು ಹಲ್ಲು ಕೀಳುವ ಚೂರಿನ ದಪ್ಪ, ಈ ಮೂರನ್ನು ಗುಣಿಸಿದರೆ ಯಂತ್ರ ನಿಮಿಷಕ್ಕೆ ಎಷ್ಟು ಓಡಬೇಕು ಅಂತ ಸಿಗುತ್ತದೆ. ಎರಡು ಹಲ್ಲು, 0.05 ಮಿ.ಮೀ. ಚೂರು ಅಂತಿಟ್ಟುಕೊಳ್ಳಿ. 30,000 ಆರ್‌ಪಿಎಂಗೆ 3,000 ಮಿ.ಮೀ. ಓಡಬೇಕು. ಉದ್ದ ತಿರುಪಿನ ಮೇಲೆ (ಲೀಡ್ ಸ್ಕ್ರೂ) ಓಡುವ ನನ್ನ ಯಂತ್ರ ಸಾವಿರ ದಾಟಿದರೆ ನಡುಗುತ್ತದೆ. ರೂಟರನ್ನು 30,000ದಲ್ಲೇ ಬಿಟ್ಟು ಯಂತ್ರದ ಓಟ ಮಾತ್ರ ನಿಧಾನ ಮಾಡಿದರೆ ಬಿಟ್ ಮರವನ್ನು ಕಡಿಯುವುದು ಬಿಟ್ಟು ಸುಮ್ನೆ ಉಜ್ಜುತ್ತದೆ. ಮರ ಕರಕಲು, ಬಿಟ್ ಮೊಂಡು. ರೂಟರಿನ ವೇಗವನ್ನೇ 10,000ಕ್ಕೆ ಇಳಿಸಿದರೆ 1,000 ಮಿ.ಮೀ. ಸಾಕು.

ಆದ್ದರಿಂದ ವೇಗದ ಡಯಲ್ ಇಲ್ಲದ ಟ್ರಿಮ್ಮರ್ (ಸಣ್ಣ ರೂಟರ್) ಬೇಡವೇ ಬೇಡ. ಅದಕ್ಕೆ ಫ್ಯಾನ್ ರೆಗ್ಯುಲೇಟರ್ ಸಿಕ್ಕಿಸುವ ಉಪಾಯವೂ ಬೇಡ. ಅಷ್ಟು ಕರೆಂಟನ್ನು ಅದು ತಾಳುವುದಿಲ್ಲ, ಮರ ತಾಗಿದ ಕೂಡಲೇ ವೇಗವೂ ಕುಸಿಯುತ್ತದೆ. ನನ್ನ ಆಯ್ಕೆ ಮಕಿಟಾ ಆರ್‌ಟಿ0700. 710 ವ್ಯಾಟ್, 10,000ದಿಂದ 30,000 ಆರ್‌ಪಿಎಂ, 65 ಮಿ.ಮೀ. ಕ್ಲಾಂಪಿನಲ್ಲಿ ಕೂರುತ್ತದೆ.

ಮೂರನೆಯದು ಕೊಲೆಟ್, ಅಂದರೆ ಬಿಟ್‌ನ ಕಾಂಡವನ್ನು ಬಿಗಿಹಿಡಿಯುವ ಬಳೆ. 6 ಮಿ.ಮೀ. ಮತ್ತು ಕಾಲಿಂಚು ಒಂದೇ ಅಂತ ಅಂಗಡಿಯವರೊಬ್ಬರು ನನಗೆ ದಾಟಿಸಿದ್ದರು. ಕಾಲಿಂಚು ಅಂದರೆ 6.35. ಅದರಲ್ಲಿ 6ರ ಬಿಟ್ ಜಾರಿ ಹಲಗೆಯ ಆಚೆ ಬದಿಗೆ ತೂತು ಬಿತ್ತು. ಕೊಂಡ ದಿನವೇ ಬಿಟ್‌ನ ನಯವಾದ ಕಾಂಡಕ್ಕೆ ಡಯಲ್ ಇಂಡಿಕೇಟರ್ (ಸಣ್ಣ ಅಲ್ಲಾಟ ಅಳೆಯುವ ಮುಳ್ಳಿನ ಮಾಪಕ) ತಾಗಿಸಿ, ಪ್ಲಗ್ ತೆಗೆದು, ಕೈಯಲ್ಲಿ ತಿರುಗಿಸಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಅಲ್ಲಾಡಿದರೆ ಕೊಲೆಟ್ ಒರೆಸಿ ಮತ್ತೆ ನೋಡಿ. ಆಗಲೂ ಅಷ್ಟೇ ಆದರೆ ವಾಪಸ್ ಕೊಡಿ. ದೊಡ್ಡ ಅಕ್ಷರದಲ್ಲಿ ಇದು ಗೊತ್ತಾಗುವುದಿಲ್ಲ. ಸಣ್ಣ ಒತ್ತಕ್ಷರ ಬಂದಾಗ ಅಂಚು ಚಿಂದಿ.

ರೂಟರಿನ ಬದಲು ವಾಟರ್ ಕೂಲ್ಡ್ ಸ್ಪಿಂಡಲ್ (ನೀರಿನಿಂದ ತಣ್ಣಗಾಗುವ ಕೆತ್ತುವ ಮೋಟಾರು) ಆಸೆ ಇದ್ದರೆ ವಿಎಫ್‌ಡಿ (ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ) ಬೇಕು, ಪಂಪು ಬೇಕು. 2.2 ಕಿಲೋವ್ಯಾಟಿನದ್ದು ನಾಲ್ಕೈದು ಕೆಜಿ ಭಾರ, ತೆಳು ಝಡ್ ಆಕ್ಸಿಸ್ (ಮೇಲೆ ಕೆಳಗೆ ಓಡುವ ಭಾಗ) ತಡೆಯುವುದಿಲ್ಲ. 24,000 ಆರ್‌ಪಿಎಂ ಸ್ಪಿಂಡಲಿಗೆ ವಿಎಫ್‌ಡಿಯ ಬೇಸ್ ಫ್ರೀಕ್ವೆನ್ಸಿ (ಪೂರ್ತಿ ವೋಲ್ಟೇಜ್ ಸಿಗುವ ಫ್ರೀಕ್ವೆನ್ಸಿ) 400 ಹರ್ಟ್ಸ್ ಇರಬೇಕು. ಹೊಸದರಲ್ಲಿ ಅದು 50ರಲ್ಲಿರಬಹುದು. ಹಾಗೇ ಓಡಿಸಿದರೆ ಸ್ಪಿಂಡಲ್ ಸುಡುತ್ತದೆ. ಸದ್ದು ಮಾತ್ರ ಎಷ್ಟೋ ಕಡಿಮೆ, ಅದನ್ನು ಒಪ್ಪಬೇಕು. ನನ್ನ ರೂಟರ್ ಶುರುವಾದರೆ ತೋಟದ ಆಚೆಯ ಮನೆಯವರು ಕಿಟಕಿ ಹಾಕುತ್ತಾರೆ.

ರೂಟರಿನ ಜೊತೆಗೇ ಒಂದು ಜೊತೆ ಕಾರ್ಬನ್ ಬ್ರಶ್ (ಮೋಟಾರಿನೊಳಗೆ ಕರೆಂಟು ದಾಟಿಸುವ, ಸವೆಯುವ ತುಂಡು) ತಂದಿಡಿ. ಅರ್ಧ ಬೋರ್ಡಿನಲ್ಲಿ ಬ್ರಶ್ ಸವೆದರೆ ಜೋರು ಮಳೆಯಲ್ಲಿ ಮಂಗಳೂರಿಗೆ ಬಸ್ಸು ಹತ್ತಬೇಕಾಗುತ್ತದೆ.